ಗುಂಯ್ ಸದ್ದು: ಬೇರಿಂಗೋ, ಟೈರೋ? ಟೈರ್ ಅದಲು-ಬದಲಿನಿಂದ ದೋಷ ಹಿಡಿಯುವ ಬಗೆ

ಕಾರು ಗಂಟೆಗೆ 40 ಕಿ.ಮೀ. ದಾಟುತ್ತಿದ್ದಂತೆ ಕೆಳಗಿನಿಂದ ಗುಂಯ್ ಅನ್ನುವ ಸದ್ದು ಶುರುವಾಗುತ್ತದೆ. 60ರಿಂದ 80ರ ನಡುವೆ ಜೋರು. ಆಕ್ಸಿಲರೇಟರ್ ಬಿಟ್ಟರೂ ನಿಲ್ಲುವುದಿಲ್ಲ, ಗೇರ್ ತೆಗೆದು ನ್ಯೂಟ್ರಲ್‌ಗೆ ಹಾಕಿದರೂ ನಿಲ್ಲುವುದಿಲ್ಲ. ಗಾಡಿ ನಿಧಾನವಾದಂತೆ ತಾನೂ ಇಳಿಯುತ್ತಾ ಹೋಗಿ ಮಾಯವಾಗುತ್ತದೆ. ಇಷ್ಟು ಹೇಳಿದರೆ ಕಲಬುರಗಿಯ ಹೆಚ್ಚಿನ ಗ್ಯಾರೇಜುಗಳಲ್ಲಿ ಬಾನೆಟ್ ಎತ್ತುವ ಮೊದಲೇ ತೀರ್ಪು ಬಂದಿರುತ್ತದೆ: 'ವೀಲ್ ಬೇರಿಂಗ್ ಹೋಗ್ಯಾದ್ರಿ, ಬದಲ್ ಮಾಡ್ಬೇಕು.' ಚಕ್ರ ಸಲೀಸಾಗಿ ತಿರುಗಲೆಂದು ಅದರ ನಡುವೆ ಇರುವ ಆ ಬೇರಿಂಗ್ ಬದಲಾಗುತ್ತದೆ, ದುಡ್ಡು ಹೋಗುತ್ತದೆ, ಸದ್ದು ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಇನ್ನೊಂದು ಕಡೆಯ ಬೇರಿಂಗ್ ಮೇಲೆ ಅನುಮಾನ.

ಸದ್ದು ಬೇರಿಂಗಿನದೂ ಆಗಿರಬಹುದು. ಆದರೆ ಸಮನಾಗಿ ಸವೆಯದ ಟೈರು ಮಾಡುವ ಸದ್ದು ಕಿವಿಗೆ ಹೆಚ್ಚುಕಡಿಮೆ ಅದೇ. ಎರಡನ್ನೂ ಬೇರೆ ಮಾಡಿ ತೋರಿಸುವ ಅಗ್ಗದ ಪರೀಕ್ಷೆ ಎಂದರೆ ಮುಂದಿನ ಟೈರನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ಹಾಕಿ ನೋಡುವುದು. ಟೈರ್ ರೊಟೇಷನ್ ಅಂದರೆ ಆಯುಷ್ಯ ಹೆಚ್ಚಿಸುವ ಉಪಾಯ ಎಂದಷ್ಟೇ ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ಇನ್ನೊಂದು ಉಪಯೋಗ ದೊಡ್ಡದು: ಗಾಡಿಯ ಅಡಿಯಲ್ಲಿ ಏನು ಕೆಟ್ಟಿದೆ ಎಂದು ಕಂಡುಹಿಡಿಯಲು ಅದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಕಾಲಕಾಲಕ್ಕೆ ಮಾಡಿದವರಿಗೆ ಮಾತ್ರ ಆ ದಾರಿ ತೆರೆದಿರುತ್ತದೆ.

ಕೆಳಗಿನ ಮಾತು ಮುಖ್ಯವಾಗಿ ಮುಂದಿನ ಚಕ್ರಗಳಿಗೆ ಎಂಜಿನ್ ಬಲ ಹೋಗುವ ಗಾಡಿಗಳಿಗೆ, ಅಂದರೆ ನಮ್ಮ ಕಡೆ ಓಡಾಡುವ ಸಣ್ಣ ಹ್ಯಾಚ್‌ಬ್ಯಾಕ್, ಸೆಡಾನ್, ಚಿಕ್ಕ ಎಸ್‌ಯುವಿಗಳಲ್ಲಿ ಬಹುಪಾಲಿಗೆ. ಹಿಂದಿನ ಚಕ್ರಕ್ಕೆ ಬಲ ಹೋಗುವ ಜೀಪು, ದೊಡ್ಡ ಎಂಯುವಿಗಳ ಮಾತು ಮುಂದೆ ಬರುತ್ತದೆ.

ಓಡಿಸುತ್ತಲೇ ನೋಡುವುದು

ಮೊದಲು ರಸ್ತೆಯನ್ನು ಅನುಮಾನಿಸಿ. ಊರೊಳಗಿನ ಸಿಮೆಂಟ್ ರಸ್ತೆಯಲ್ಲಿ ಎಂಥ ಹೊಸ ಟೈರೂ ಸದ್ದು ಮಾಡುತ್ತದೆ. ಸಿಮೆಂಟಿನಿಂದ ನುಣುಪಾದ ಡಾಂಬರಿಗೆ ಇಳಿದ ಕ್ಷಣದಲ್ಲಿ ಸದ್ದಿನ ಸ್ವರ ಬದಲಾಯಿತೇ? ಬದಲಾದರೆ ಅದು ಟೈರಿನ ಕಡೆ ಬೆರಳು ತೋರಿಸುತ್ತದೆ. ಬೇರಿಂಗಿಗೆ ಕೆಳಗಿರುವುದು ಸಿಮೆಂಟೋ ಡಾಂಬರೋ ಗೊತ್ತಾಗುವುದಿಲ್ಲ, ಅದರ ಸದ್ದು ವೇಗದ ಜೊತೆ ಮಾತ್ರ ಏರಿಳಿಯುತ್ತದೆ.

ಎರಡನೆಯದು ತಿರುವಿನ ಪರೀಕ್ಷೆ. ಹಿಂದೆ ಮುಂದೆ ಯಾರೂ ಇಲ್ಲದ ಅಗಲ ರಸ್ತೆಯಲ್ಲಿ 50–60ರ ವೇಗದಲ್ಲಿ ನಿಧಾನಕ್ಕೆ ಎಡಕ್ಕೆ, ಆಮೇಲೆ ಬಲಕ್ಕೆ ವಾಲಿಸಿ. ಎಡಕ್ಕೆ ತಿರುಗಿಸಿದಾಗ ಗಾಡಿಯ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಸದ್ದು ಎದ್ದು ಕೇಳಿ, ಬಲಕ್ಕೆ ತಿರುಗಿಸಿದಾಗ ಅಡಗಿದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ ಪಡಬೇಕು. ಎಡಗಡೆಯದಾದರೆ ಉಲ್ಟಾ. ಟೈರಿನ ಸದ್ದೂ ತಿರುವಿನಲ್ಲಿ ಸ್ವಲ್ಪ ಬದಲಾಗುತ್ತದೆ ನಿಜ, ಆದರೆ ಹೀಗೆ ಒಂದು ಕಡೆ ಎದ್ದು ಇನ್ನೊಂದು ಕಡೆ ಪೂರ್ತಿ ಸತ್ತುಹೋಗುವುದು ಅಪರೂಪ. ಇಷ್ಟನ್ನೆಲ್ಲ ಎಸಿ, ಹಾಡು ಎರಡೂ ಬಂದ್ ಮಾಡಿ ಕೇಳಬೇಕು. ಪಕ್ಕದಲ್ಲಿ ಕೂತವರ ಮಾತನ್ನೂ.

ಸದ್ದಿನ ಜೊತೆ ನಡುಕವೂ ಇದ್ದರೆ ಅದು ಎಲ್ಲಿ ತಿಳಿಯುತ್ತದೆ ನೋಡಿ. 80–100ರಲ್ಲಿ ಸ್ಟೀರಿಂಗ್ ನಡುಗಿದರೆ ಮುಂದಿನ ಚಕ್ರಗಳ ಬ್ಯಾಲೆನ್ಸಿಂಗ್ (ಸುತ್ತಲೂ ಭಾರ ಸಮನಾಗಿರುವುದು) ತಪ್ಪಿದೆ. ಸ್ಟೀರಿಂಗ್ ಸುಮ್ಮನಿದ್ದು ಸೀಟು ನಡುಗಿದರೆ ಹಿಂದಿನವು. ಬ್ರೇಕ್ ಒತ್ತಿದಾಗ ಮಾತ್ರ ನಡುಗುವುದು ಡಿಸ್ಕಿನ ಕಥೆ, ಅದು ಈ ಕೈಪಿಡಿಯ ಹೊರಗಿನದು.

ಅಂಗೈ ಪರೀಕ್ಷೆ

ಗಾಡಿ ನಿಲ್ಲಿಸಿ, ಟೈರು ತಣ್ಣಗಾದ ಮೇಲೆ, ರಸ್ತೆಗೆ ತಾಗುವ ಮೈಯ ಮೇಲೆ ಅಂಗೈ ಆಡಿಸಿ. ಮುಂದಿನ ಚಕ್ರವಾದರೆ ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿಕೊಂಡರೆ ಕೈ ಚೆನ್ನಾಗಿ ಹೋಗುತ್ತದೆ. ಕಣ್ಣಿಗೆ ಕಾಣದ ಸವೆತ ಕೈಗೆ ಸಿಗುತ್ತದೆ. ನಮ್ಮ ಕಡೆಯ ಹಳೆಯ ಪಂಚರ್ ಅಂಗಡಿಯವರು ಯಾವ ಮಷೀನೂ ಇಲ್ಲದೆ ಚಕ್ರಗಳು ನಿಲ್ಲುವ ಕೋನ, ಅಂದರೆ ಅಲೈನ್‌ಮೆಂಟ್ ಕೆಟ್ಟಿದೆ ಎಂದು ಹೇಳುವುದು ಹೀಗೆಯೇ. ಟೈರ್ ಒಳಗಿನ ಉಕ್ಕಿನ ತಂತಿ ಎಲ್ಲಾದರೂ ಹೊರಬಂದಿದ್ದರೆ ಕೈ ಕೊಯ್ಯುತ್ತದೆ, ಹಾಗಾಗಿ ಮೊದಲು ಒಮ್ಮೆ ಕಣ್ಣಾಡಿಸಿ.

ಕೈಗೆ ಏನು ಸಿಕ್ಕಿತು ಎನ್ನುವುದರ ಮೇಲೆ ಮುಂದಿನ ದಾರಿ. ಟೈರಿನ ಸುತ್ತಳತೆಯ ಗುಂಟ ಕೈ ಎಳೆದಾಗ ಒಂದು ದಿಕ್ಕಿಗೆ ನುಣುಪು, ತಿರುಗಿ ಬರುವಾಗ ಗರಗಸದ ಹಲ್ಲಿನಂತೆ ತಡೆದರೆ, ಪ್ರತಿ ಗಟ್ಟಿಯ (ರಸ್ತೆಗೆ ತಾಗುವ ರಬ್ಬರಿನ ಉಬ್ಬು) ಒಂದು ತುದಿ ಎತ್ತರ, ಇನ್ನೊಂದು ತುದಿ ತಗ್ಗು ಆಗಿದೆ ಎಂದರ್ಥ. ಗುಂಯ್ ಸದ್ದಿನ ಮುಖ್ಯ ತವರು ಇದೇ. ಇದು ಹೆಚ್ಚಾಗಿ ಹಿಂದಿನ ಟೈರುಗಳಲ್ಲಿ ಸಿಗುತ್ತದೆ, ಯಾಕೆಂದರೆ ಇಂಥ ಗಾಡಿಗಳಲ್ಲಿ ಹಿಂಬದಿ ಹಗುರ. ಹಿಂದಿನ ಚಕ್ರ ಬಲ ಕೊಡುವುದಿಲ್ಲ, ಸುಮ್ಮನೆ ಉರುಳುತ್ತದೆ, ಹಗುರವಾದ್ದರಿಂದ ಸಣ್ಣಗೆ ಜಿಗಿಯುತ್ತದೆ. ಅದೇ ಜಾಗದಲ್ಲಿ 20–30 ಸಾವಿರ ಕಿ.ಮೀ. ಬಿಟ್ಟರೆ ಹಲ್ಲು ಮೂಡದೆ ಇರುವುದೇ ಆಶ್ಚರ್ಯ.

ಸುತ್ತಳತೆಯ ಗುಂಟ ಅಲ್ಲದೆ ಅಡ್ಡಕ್ಕೆ, ಅಂದರೆ ಹೊರ ಅಂಚಿನಿಂದ ಒಳ ಅಂಚಿಗೆ ಕೈ ಎಳೆದು ನೋಡಿ. ಹೊರಗಿನಿಂದ ಒಳಕ್ಕೆ ನುಣುಪು, ಒಳಗಿನಿಂದ ಹೊರಕ್ಕೆ ಚುಚ್ಚಿದರೆ ಚಕ್ರಗಳ ಮುಂಭಾಗ ಬೇಕಾದ್ದಕ್ಕಿಂತ ಒಳಕ್ಕೆ ವಾಲಿದೆ. ಉಲ್ಟಾ ಚುಚ್ಚಿದರೆ ಹೊರಕ್ಕೆ. ಇದು ಅಲೈನ್‌ಮೆಂಟ್, ನೇರವಾಗಿ ಮಷೀನಿಗೆ ಹೋಗುವ ಕೆಲಸ.

ಅಲ್ಲಲ್ಲಿ ಬಟ್ಟಲಿನಂಥ ತಗ್ಗು ಸಿಕ್ಕರೆ ಶಾಕ್ ಅಬ್ಸಾರ್ಬರ್ ಸೋತಿದೆ, ಇಲ್ಲವೇ ಬ್ಯಾಲೆನ್ಸಿಂಗ್ ಬಹಳ ದಿನದಿಂದ ತಪ್ಪಿದೆ. ನಡುವೆ ಮಾತ್ರ ಸವೆದಿದ್ದರೆ ಹವಾ ಜಾಸ್ತಿ, ಎರಡೂ ಅಂಚು ಸವೆದು ನಡು ಉಳಿದಿದ್ದರೆ ಹವಾ ಕಡಿಮೆ. ಒಳ ಅಂಚು ಮಾತ್ರ ಬೋಳಾಗಿದ್ದರೆ ಜೋಪಾನ: ಹೊರಗಿನಿಂದ ನೋಡಿದವರಿಗೆ ಟೈರು ಹೊಸದರಂತೆ ಕಾಣುತ್ತದೆ, ಒಳಗಡೆ ತಂತಿ ಹೊರಬಂದಿರುತ್ತದೆ. ಹೈವೇ ಮೇಲೆ ಸಿಡಿಯುವುದು ಇಂಥವೇ.

ಸ್ಥಳದ ಗುಣವೂ ಇಲ್ಲಿ ಬರುತ್ತದೆ. ನಮ್ಮದು ಕಪ್ಪು ಎರೆಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ, ಮೇಲಿನ ಡಾಂಬರು ಗುಂಡಿ ಬೀಳದಿದ್ದರೂ ಅಲೆಅಲೆಯಾಗುತ್ತದೆ. ಜೇವರ್ಗಿ, ಅಫಜಲಪುರದ ಕಡೆ ಓಡಾಡುವವರಿಗೆ ಈ ಉಯ್ಯಾಲೆ ಗೊತ್ತು. ಅಂಥ ರಸ್ತೆಯಲ್ಲಿ ಶಾಕ್ ಅಬ್ಸಾರ್ಬರಿಗೆ ಬಿಡುವೇ ಇಲ್ಲ. ಸೇಡಂ, ಮಳಖೇಡ, ವಾಡಿ ಕಡೆ ಸಿಮೆಂಟ್ ಲಾರಿಗಳ ಓಡಾಟ. ರಸ್ತೆ ಕಿರಿದಾದ ಕಡೆ ಎದುರಿಗೆ ಲಾರಿ ಬಂದರೆ ಎಡಗಡೆಯ ಚಕ್ರಗಳನ್ನು ಕಚ್ಚಾ ಅಂಚಿಗೆ ಇಳಿಸಿ ಮತ್ತೆ ಹತ್ತಿಸಬೇಕು. ಆ ಕಲ್ಲು, ಡಾಂಬರಿನ ಮುರಿದ ಅಂಚು, ಎರಡೂ ತಿನ್ನುವುದು ಎಡಗಡೆಯ ಟೈರುಗಳನ್ನೇ. ಊರೊಳಗೆ ಸರ್ಕಲ್ ಸುತ್ತುವುದು, ಯು-ಟರ್ನ್ ಹೊಡೆಯುವುದು ಎಲ್ಲ ಬಲಕ್ಕೆ, ಭಾರ ಬೀಳುವುದು ಎಡ ಮುಂದಿನ ಟೈರಿನ ಹೊರ ಅಂಚಿಗೆ. ಹಾಗಾಗಿ ಎಡ-ಬಲ ಸವೆತದಲ್ಲಿ ಅಲ್ಪ ವ್ಯತ್ಯಾಸ ಕಂಡ ಕೂಡಲೇ ಗಾಡಿ ಕೆಟ್ಟಿದೆ ಎಂದು ಗಾಬರಿಯಾಗಬೇಡಿ.

ಅದಲು-ಬದಲು ಮಾಡಿ ನೋಡುವುದು

ಇಷ್ಟರಲ್ಲಿ ತೀರ್ಮಾನ ಸಿಗದಿದ್ದರೆ ಜಾಕ್ ತೆಗೆಯಿರಿ. ಪರೀಕ್ಷೆಗಾಗಿ ಮಾಡುವ ಬದಲಾವಣೆಯಲ್ಲಿ ಅಡ್ಡ ಹಾಕುವುದು ಬೇಡ. ಎಡ ಮುಂದಿನದು ಎಡ ಹಿಂದಕ್ಕೆ, ಬಲ ಮುಂದಿನದು ಬಲ ಹಿಂದಕ್ಕೆ. ಆಮೇಲೆ ಅದೇ ರಸ್ತೆ, ಅದೇ ವೇಗ. ಸದ್ದು ಜಾಗ ಬದಲಿಸಿತೋ, ಹಿಂದೆ ಇದ್ದದ್ದು ಕಾಲ ಬುಡಕ್ಕೆ ಬಂತೋ, ಅಥವಾ ಸ್ವರವಾದರೂ ಬದಲಾಯಿತೋ, ಅದು ಟೈರು. ಕೂದಲೆಳೆಯಷ್ಟೂ ಬದಲಾಗದಿದ್ದರೆ ಬೇರಿಂಗ್.

ಆಗ ಚಕ್ರ ಎತ್ತಿ, ಗಡಿಯಾರದ 12 ಮತ್ತು 6ರ ಜಾಗದಲ್ಲಿ ಕೈ ಹಿಡಿದು ಅಲ್ಲಾಡಿಸಿ. ಆಟ (ಸಡಿಲ) ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. 3 ಮತ್ತು 9ರಲ್ಲಿ ಮಾತ್ರ ಆಟ ಇದ್ದರೆ ಸ್ಟೀರಿಂಗಿನ ಟೈ ರಾಡ್ ತುದಿ. ಇನ್ನೊಂದು ಕೈಯನ್ನು ಸ್ಪ್ರಿಂಗ್ ಮೇಲಿಟ್ಟು ಚಕ್ರ ತಿರುಗಿಸಿದರೆ ಕೆಟ್ಟ ಬೇರಿಂಗಿನ ಗರಗರ ಬೆರಳಿಗೆ ತಿಳಿಯುತ್ತದೆ. ಹೀಗೆ ಕೈಗೆ ಸಿಕ್ಕ ಮೇಲೆ ಬೇರಿಂಗ್ ಬದಲಿಸಿ, ಅದಕ್ಕೆ ಮೊದಲು ಬೇಡ.

ಗಾಡಿ ಒಂದು ಕಡೆ ಎಳೆಯುವ ತೊಂದರೆಗೂ ಇದೇ ಜಾಣತನ ನಡೆಯುತ್ತದೆ. ಮುಂದಿನ ಎರಡನ್ನು ಮಾತ್ರ ಎಡ-ಬಲ ಬದಲಿಸಿ. ಎಳೆತ ಇನ್ನೊಂದು ಕಡೆಗೆ ತಿರುಗಿದರೆ ಟೈರಿನ ಒಳಗಟ್ಟಿನಲ್ಲೇ ದೋಷ. ತಿರುಗದಿದ್ದರೆ ಅಲೈನ್‌ಮೆಂಟ್, ಇಲ್ಲವೇ ಬ್ರೇಕ್ ಹಿಡಿದುಕೊಂಡಿದೆ. ಎರಡನೆಯದಾದರೆ ಸ್ವಲ್ಪ ದೂರ ಓಡಿಸಿ ಬಂದಾಗ ಒಂದು ಚಕ್ರದ ನಡುಭಾಗ ಉಳಿದವಕ್ಕಿಂತ ಸುಡುತ್ತಿರುತ್ತದೆ. ಮುಟ್ಟಬೇಡಿ, ಹತ್ತಿರ ಕೈ ಹಿಡಿದರೆ ಸಾಕು.

'ಟೈರ್ ಬದಲ್ ಮಾಡ್ಸಿದ್ ಮ್ಯಾಲೇ ಸೌಂಡ್ ಬರ್ಲಾಕತ್ತದ್ರಿ' ಎಂಬ ದೂರು ಟೈರ್ ಅಂಗಡಿಯವರಿಗೆ ಹೊಸದಲ್ಲ. ಅಂಗಡಿಯವರು ಏನೋ ಕೆಡಿಸಿದರು ಎಂದು ಗಿರಾಕಿ, ಹಿಂಗೇ ಇರುತ್ತದೆ ಎಂದು ಅಂಗಡಿಯವರು, ವಾದ ಬೆಳೆಯುತ್ತದೆ. ನಡೆದಿರುವುದು ಇಷ್ಟೇ: ಹಲ್ಲು ಮೂಡಿದ ಹಿಂದಿನ ಟೈರುಗಳು ಡಿಕ್ಕಿಯ ಕೆಳಗೆ ಕೂಗುತ್ತಿದ್ದವು, ಕೇಳಿಸುತ್ತಿರಲಿಲ್ಲ. ಈಗ ಡ್ರೈವರ್ ಕಾಲ ಹತ್ತಿರ ಬಂದು ಕೂಗುತ್ತಿವೆ. ಹಲ್ಲು ಅಲ್ಪಸ್ವಲ್ಪ ಇದ್ದರೆ ಮುಂದಿನ ಚಕ್ರದ ಕೆಲಸಕ್ಕೆ ಬಿದ್ದ ಮೇಲೆ ಕೆಲವು ಸಾವಿರ ಕಿ.ಮೀ.ಗಳಲ್ಲಿ ಉಜ್ಜಿ ಮಟ್ಟಸವಾಗಿ ಸದ್ದು ತಗ್ಗುವುದುಂಟು. ಆಳವಾಗಿದ್ದರೆ ಇಲ್ಲ, ಆ ಟೈರು ಸಾಯುವವರೆಗೂ ಹಾಗೇ ಹಾಡುತ್ತದೆ. 10 ಸಾವಿರಕ್ಕೇ ಜಾಗ ಬದಲಿಸಿದ್ದರೆ ಹಲ್ಲು ಆಳಕ್ಕೆ ಇಳಿಯುತ್ತಲೇ ಇರಲಿಲ್ಲ.

ಮುಂದೆ-ಹಿಂದೆ ಇಷ್ಟು ವ್ಯತ್ಯಾಸ ಯಾಕೆ ಎಂದರೆ, ಮುಂದಿನ ಚಕ್ರಗಳ ಮೇಲೆ ಎಂಜಿನ್ನಿನ ಭಾರ, ಗಾಡಿ ಎಳೆಯುವ ಕೆಲಸ, ತಿರುಗಿಸುವ ಕೆಲಸ, ಬ್ರೇಕ್ ಒತ್ತಿದಾಗ ಮುಂದಕ್ಕೆ ಬೀಳುವ ಭಾರ, ಎಲ್ಲವೂ ಇವೆ. ಹಿಂದಿನವು ಹಿಂಬಾಲಿಸುತ್ತವೆ ಅಷ್ಟೇ. ಹೀಗಾಗಿ ಮುಂದಿನವು ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಸವೆಯುವುದು ಸಾಮಾನ್ಯ. ಹೊಸ ಕಾರಿನ ಟೈರಿನ ಗಟ್ಟಿ ಸುಮಾರು 8 ಮಿ.ಮೀ. ಆಳ ಇರುತ್ತದೆ, 1.6 ಮಿ.ಮೀ.ಗೆ ಬಂದರೆ ಕಾನೂನಿನ ಲೆಕ್ಕದಲ್ಲೂ ಮುಗಿಯಿತು. ಗಟ್ಟಿಗಳ ನಡುವಿನ ತೋಡುಗಳ ಒಳಗಿನ ಅಡ್ಡ ದಿಬ್ಬಗಳು ಅದಕ್ಕೇ ಇರುವ ಗುರುತು, ಗಟ್ಟಿ ಅದರ ಮಟ್ಟಕ್ಕೆ ಬಂದರೆ ಟೈರು ಬಿಸಾಡಬೇಕು. ಮಳೆಗಾಲದ ಮಾತು ಬೇರೆ. 3 ಮಿ.ಮೀ.ಗಿಂತ ಕೆಳಗೆ ಇಳಿದ ಟೈರು ಒದ್ದೆ ರಸ್ತೆಯಲ್ಲಿ ಬ್ರೇಕ್ ಹಿಡಿಯುವ ದೂರ ಹೆಚ್ಚುತ್ತಾ ಹೋಗುತ್ತದೆ. ಜೂನ್ ಬರುವ ಮೊದಲು ಅಳೆದುಕೊಳ್ಳಿ. ಆಳ ಅಳೆಯುವ ಗೇಜು ನೂರಿನ್ನೂರು ರೂಪಾಯಿಗೆ ಸಿಗುತ್ತದೆ. ಒಂದೇ ಟೈರಿನಲ್ಲಿ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಅಳೆಯಬೇಕು. ಹೊರ ಅಂಚನ್ನಷ್ಟೇ ನೋಡಿದರೆ ಅಳೆದೂ ಪ್ರಯೋಜನವಿಲ್ಲ.

ಬದಲಿಸುವ ಮೊದಲು ಕಾರಣ ತೆಗೆಯಿರಿ

ಅಲೈನ್‌ಮೆಂಟ್ ಕೆಟ್ಟ ಗಾಡಿಯಲ್ಲಿ ಟೈರು ಅದಲು-ಬದಲು ಮಾಡುವುದೆಂದರೆ ಇನ್ನೆರಡು ಒಳ್ಳೆಯ ಟೈರುಗಳನ್ನು ಅದೇ ಕಾಯಿಲೆಗೆ ಒಪ್ಪಿಸುವುದು. ಕ್ರಮ ಹೀಗಿರಲಿ: ಮೊದಲು ಹವಾ, ಆಮೇಲೆ ಶಾಕ್ ಅಬ್ಸಾರ್ಬರ್ ಮತ್ತು ಬುಷ್ (ಜೋಡಣೆಗಳ ನಡುವಿನ ರಬ್ಬರ್), ಆಮೇಲೆ ಟೈರ್ ಅದಲು-ಬದಲು ಮತ್ತು ಬ್ಯಾಲೆನ್ಸಿಂಗ್, ಕೊನೆಗೆ ಅದರ ಬೆನ್ನಿಗೇ ಅಲೈನ್‌ಮೆಂಟ್. ಬುಷ್ ಹರಿದ ಗಾಡಿಗೆ ಅಲೈನ್‌ಮೆಂಟ್ ಮಾಡಿಸಿದರೆ ಮಷೀನಿನ ಮೇಲೆ ಇರುವಷ್ಟು ಹೊತ್ತು ಸರಿ, ಮೊದಲ ಗುಂಡಿಗೆ ಮತ್ತೆ ಹೋಗುತ್ತದೆ.

ಹವಾ ಬೆಳಗ್ಗೆ ತಣ್ಣಗಿರುವಾಗ ನೋಡಬೇಕು. ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಟೈರಿನ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಮೇ ತಿಂಗಳ ಮಧ್ಯಾಹ್ನ ಹುಮನಾಬಾದಿನಿಂದ ಓಡಿಸಿಕೊಂಡು ಬಂದು ನೇರ ಪೆಟ್ರೋಲ್ ಪಂಪಿನಲ್ಲಿ ನೋಡಿಸಿದರೆ ಹವಾ ಜಾಸ್ತಿ ತೋರಿಸಿಯೇ ತೋರಿಸುತ್ತದೆ. ಹುಡುಗ ಇಳಿಸಿಬಿಡುತ್ತಾನೆ. ಮರುದಿನ ಬೆಳಗ್ಗೆ ಟೈರು ಕಡಿಮೆ ಹವಾದಲ್ಲಿ ನಿಂತಿರುತ್ತದೆ, ಎರಡೂ ಅಂಚು ಸವೆಯಲು ಶುರು. ಕಡಿಮೆ ಹವಾದ ಟೈರು ಬಿಸಿಯಲ್ಲಿ ಇನ್ನಷ್ಟು ಕಾಯುತ್ತದೆ, ನಮ್ಮಂಥ 40 ದಾಟುವ ಬೇಸಿಗೆಯ ಊರಲ್ಲಿ ಅದು ಅಪಾಯ. ಎಷ್ಟು ಹವಾ ಬೇಕು ಎನ್ನುವುದು ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಟೈರಿನ ಮೈಮೇಲೆ ಇರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ. ಹುಣ್ಣಿಮೆಗೆ ಗಾಣಗಾಪುರಕ್ಕೆ ಮನೆಮಂದಿಯನ್ನೆಲ್ಲ ತುಂಬಿಕೊಂಡು ಹೊರಟರೆ ಪೂರ್ಣ ಭಾರಕ್ಕೆ ಬೇರೆ ಅಂಕಿ ಅದೇ ಸ್ಟಿಕ್ಕರಿನಲ್ಲಿದೆ, ಹಿಂದಿನ ಟೈರುಗಳಿಗೆ ಅಷ್ಟು ಕೊಡಿ. ನೈಟ್ರೋಜನ್ ಬೇಕೇ ಎಂದು ಕೇಳುವವರಿಗೆ: ನಾವು ಉಸಿರಾಡುವ ಗಾಳಿಯಲ್ಲೇ 78 ಭಾಗ ಅದೇ ಇದೆ. ಪುಕ್ಕಟೆ ಸಿಕ್ಕರೆ ಹಾಕಿಸಿಕೊಳ್ಳಿ.

ಶಾಕ್ ಅಬ್ಸಾರ್ಬರ್ ನೋಡಲು ಗಾಡಿಯ ಒಂದೊಂದು ಮೂಲೆಯನ್ನು ಜೋರಾಗಿ ಒತ್ತಿ ಬಿಡಿ. ಒಮ್ಮೆ ಎದ್ದು ನಿಲ್ಲಬೇಕು, ಕುಣಿಯುತ್ತಾ ಇರಬಾರದು. ಅದರ ಮೈಗೆ ಎಣ್ಣೆ ಜಿನುಗಿ ಧೂಳು ಮೆತ್ತಿಕೊಂಡಿದ್ದರೆ ಒತ್ತಿ ನೋಡುವುದೂ ಬೇಕಿಲ್ಲ.

ಯಾವುದನ್ನು ಎಲ್ಲಿಗೆ

ಮುಂದಿನ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಮುಂದಿನ ಎರಡು ನೇರವಾಗಿ ಹಿಂದಕ್ಕೆ, ಹಿಂದಿನ ಎರಡು ಅಡ್ಡ ಹಾಯ್ದು ಮುಂದಕ್ಕೆ. ಹಿಂದಿನ ಚಕ್ರಕ್ಕೆ ಬಲ ಹೋಗುವ ಗಾಡಿಯಲ್ಲಿ ಹಿಂದಿನ ಎರಡು ನೇರವಾಗಿ ಮುಂದಕ್ಕೆ, ಮುಂದಿನವು ಅಡ್ಡ ಹಾಯ್ದು ಹಿಂದಕ್ಕೆ. ಅಡ್ಡ ಹಾಯುವುದರಿಂದ ಟೈರು ತಿರುಗುವ ದಿಕ್ಕು ಬದಲಾಗುತ್ತದೆ, ಮೂಡುತ್ತಿದ್ದ ಹಲ್ಲು ಉಲ್ಟಾ ಉಜ್ಜುತ್ತದೆ. ಟೈರಿನ ಮೈಮೇಲೆ ಬಾಣದ ಗುರುತು ಇದ್ದರೆ ಮಾತ್ರ ಅಡ್ಡ ಹಾಕುವಂತಿಲ್ಲ, ಅದೇ ಮಗ್ಗುಲಲ್ಲಿ ಹಿಂದೆ-ಮುಂದೆ ಅಷ್ಟೇ. ಮುಂದೆ ಹಿಂದೆ ಬೇರೆ ಬೇರೆ ಅಳತೆಯ ಟೈರು ಇರುವ ದುಬಾರಿ ಗಾಡಿಗಳಿಗೆ ಇದ್ಯಾವುದೂ ಅಲ್ಲ.

ಸ್ಟೆಪ್ನಿ ಉಳಿದ ನಾಲ್ಕರದೇ ಅಳತೆ, ಅದೇ ಮಾದರಿಯದಾದರೆ ಅದನ್ನೂ ಸರದಿಗೆ ಸೇರಿಸಿ. ಡಿಕ್ಕಿಯಲ್ಲಿ ಮಲಗಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಮೈಮೇಲಿನ ನಾಲ್ಕು ಅಂಕಿ ನೋಡಿ: 2322 ಎಂದಿದ್ದರೆ 2022ನೇ ಇಸವಿಯ 23ನೇ ವಾರ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು ಗಟ್ಟಿ ಎಷ್ಟೇ ಉಳಿದಿರಲಿ ವರ್ಷಕ್ಕೊಮ್ಮೆ ಬಿರುಕಿಗಾಗಿ ನೋಡಿಸಬೇಕು. ಈಗಿನ ಬಹಳ ಗಾಡಿಗಳಲ್ಲಿ ಸ್ಟೆಪ್ನಿ ಚಿಕ್ಕದು, 80ರ ವೇಗಮಿತಿ ಬರೆದಿರುತ್ತದೆ. ಅದು ಸರದಿಗೆ ಬರುವುದಿಲ್ಲ.

ಆದರೆ ಮನೆಯಲ್ಲಿ ಒಂದೇ ಜಾಕಿನಿಂದ ಕೆಲಸ ಮಾಡುವಾಗ ಆ ಚಿಕ್ಕ ಸ್ಟೆಪ್ನಿಯೇ ಉಪಕಾರಿ. ಮುಂದಿನ ಚಕ್ರ ಬಿಚ್ಚಿ ಅಲ್ಲಿ ಸ್ಟೆಪ್ನಿ ಹಾಕಿ, ಹಿಂದಿನದನ್ನು ಬಿಚ್ಚಿ ಮುಂದಿನದನ್ನು ಅಲ್ಲಿ ಕೂರಿಸಿ, ಮತ್ತೆ ಮುಂದೆ ಬಂದು ಸ್ಟೆಪ್ನಿ ತೆಗೆದು ಹಿಂದಿನದನ್ನು ಹಾಕಿ. ಜಾಕ್ ಎರೆಮಣ್ಣಿನಲ್ಲಿ ಹೂತುಹೋಗುತ್ತದೆ ಎಂದು ಮನೆ ಮುಂದೆ ಬಿದ್ದಿರುವ ಶಹಾಬಾದ್ ಫರಸಿಯ ತುಂಡು ಕೆಳಗಿಡುವುದು ನಮ್ಮಲ್ಲಿ ರೂಢಿ. ಬೇಡ, ಒಂದೇ ಕಡೆ ಭಾರ ಬಿದ್ದರೆ ಅದು ಫಟ್ಟೆಂದು ಸೀಳುತ್ತದೆ. ದಪ್ಪ ಮರದ ಹಲಗೆ ಇಡಿ. ಹ್ಯಾಂಡ್ ಬ್ರೇಕ್ ಎಳೆದು, ಎದುರು ಮೂಲೆಯ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ. ಜಾಕ್ ಮೇಲಿರುವ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಎಷ್ಟಕ್ಕೊಮ್ಮೆ ಎಂದರೆ 8 ರಿಂದ 10 ಸಾವಿರ ಕಿ.ಮೀ.ಗೆ. ಸರ್ವಿಸಿನ ಜೊತೆ ಹೊಂದಿಸಿಕೊಂಡರೆ ನೆನಪಿಡುವ ಗೋಜಿಲ್ಲ. ಒಂದು ಮಗ್ಗುಲು ಆಗಲೇ ಬೋಳಾಗಿರುವ, ಮೈ ಉಬ್ಬಿರುವ, ತಂತಿ ಕಾಣುವ ಟೈರನ್ನು ಮಾತ್ರ ಸರದಿಯಲ್ಲಿ ತಿರುಗಿಸಬೇಡಿ, ಬಿಸಾಡಿ. ಎರಡೇ ಹೊಸ ಟೈರು ಕೊಳ್ಳುವ ಪರಿಸ್ಥಿತಿ ಬಂದರೆ ಹೊಸವು ಹಿಂದಕ್ಕೆ ಹೋಗಬೇಕು. ಎಲ್ಲರೂ ಮುಂದಕ್ಕೆ ಹಾಕಿಸುತ್ತಾರೆ, ಅದು ತಪ್ಪು. ಮಳೆಯಲ್ಲಿ ಮುಂದಿನವು ಜಾರಿದರೆ ಗಾಡಿ ನೇರ ಹೋಗುತ್ತದೆ, ವೇಗ ಇಳಿಸಿ ಸಂಭಾಳಿಸಬಹುದು. ಹಿಂದಿನವು ಜಾರಿದರೆ ಗಾಡಿ ಗಿರಕಿ ಹೊಡೆಯುತ್ತದೆ, ಸಂಭಾಳಿಸಲು ಸಮಯವೇ ಸಿಗುವುದಿಲ್ಲ.

ಚಕ್ರ ಕೂರಿಸುವಾಗ ನಟ್ಟುಗಳನ್ನು ಸುತ್ತಿನ ಸಾಲಿನಲ್ಲಿ ಅಲ್ಲ, ಎದುರುಬದುರು ಬಿಗಿಯಬೇಕು. ಗನ್ನಿನಿಂದ ಫಟಫಟ ಹೊಡೆದು ಬಿಟ್ಟರೆ ಒಪ್ಪಬೇಡಿ, ಕೊನೆಯ ಬಿಗಿ ಟಾರ್ಕ್ ಪಾನಾದಿಂದ (ಬಿಗಿ ಎಷ್ಟೆಂದು ಅಳೆಯುವ ಪಾನಾ), ಗಾಡಿಯ ಪುಸ್ತಕದಲ್ಲಿರುವ ಅಂಕಿಗೇ ಆಗಲಿ. ಮುಂದೆ ಹಿಂದೆ ಹವಾ ಬೇರೆ ಬೇರೆ ಇದ್ದರೆ ಹೊಸ ಜಾಗಕ್ಕೆ ತಕ್ಕಂತೆ ಸರಿಮಾಡಿ. ಚಕ್ರದೊಳಗೆ ಹವಾ ಸೆನ್ಸರ್ ಇರುವ ಗಾಡಿಗೆ ಯಾವುದು ಎಲ್ಲಿದೆ ಎಂದು ಮತ್ತೆ ಕಲಿಸಬೇಕಾಗಬಹುದು, ಇಲ್ಲದಿದ್ದರೆ ಮುಂದಿನದು ಪಂಚರ್ ಆದಾಗ ಹಿಂದಿನದಕ್ಕೆ ದೀಪ ಹತ್ತುತ್ತದೆ. ಮತ್ತು 80 ಕಿ.ಮೀ. ಆದ ಮೇಲೆ ನಟ್ಟುಗಳ ಬಿಗಿ ಇನ್ನೊಮ್ಮೆ ನೋಡಿ. ಕಲಬುರಗಿಯಿಂದ ಜೇವರ್ಗಿಗೆ ಹೋಗಿ ಬಂದರೆ ಲೆಕ್ಕ ಅಷ್ಟಕ್ಕಷ್ಟೇ ಆಗುತ್ತದೆ, ಸದ್ದು ಹೋಯಿತೋ ಇಲ್ಲವೋ ಅದೂ ಅದೇ ದಾರಿಯಲ್ಲಿ ತಿಳಿಯುತ್ತದೆ.